ತೊಡೆಯ ಕೀಲಿನ ನೆನಪು

ಯಬ್ಬೋಕ್ ಹೊಳೆಯ ಬಳಿ ರಾತ್ರಿಯಿಡೀ ಹೋರಾಡಿದ ಯಕೋಬನ ತೊಡೆಯ ಕೀಲು ತಪ್ಪಿತು. ಸೂರ್ಯೋದಯವಾದಾಗ ಅವನು ಕುಂಟುತ್ತಾ ನಡೆದನು (ಆದಿಕಾಂಡ 32). ಆಶೀರ್ವಾದ ಪಡೆದವನೇ ಕುಂಟಿದನೆಂಬುದನ್ನು ಇಸ್ರಯೇಲರು ಮರೆಯಲಿಲ್ಲ. ಪ್ರಾಣಿಯ ತೊಡೆಯ ಆ ಸ್ನಾಯುವನ್ನು ತಿನ್ನದೆ ಬಿಡುವ ಪದ್ಧತಿಯ ಮೂಲಕ ಒಬ್ಬನ ನೋವನ್ನು ಒಂದು ಜನಾಂಗವೇ ನೆನಪಿಟ್ಟುಕೊಂಡಿತು. ಕೃತಕ ಕೀಲುಗಳ ಚರಿತ್ರೆಯನ್ನು ಓದುವಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಈ ನೆನಪಿನ ಪ್ರಶ್ನೆಯೇ.

ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿರುವ ರೈಟಿಂಗ್ಟನ್ ಆಸ್ಪತ್ರೆ ಹಿಂದೆ ಕ್ಷಯರೋಗಿಗಳ ಆರೋಗ್ಯಧಾಮವಾಗಿತ್ತು. ಅಲ್ಲಿ ಮೂಳೆತಜ್ಞ ಜಾನ್ ಚಾರ್ನ್ಲಿಯವರು 1950ರ ದಶಕದ ಕೊನೆಯಲ್ಲಿ ಸವೆದ ಸೊಂಟದ ಕೀಲಿನ ಜಾಗದಲ್ಲಿ ಲೋಹದ ಗುಂಡನ್ನೂ ಟೆಫ್ಲಾನ್ ಬಟ್ಟಲನ್ನೂ ಕೂರಿಸತೊಡಗಿದರು. ವರ್ಷಗಟ್ಟಲೆ ನೋವುಂಡವರು ಎದ್ದು ನಡೆದರು. ಆದರೆ ಎರಡು ಮೂರು ವರ್ಷಗಳಲ್ಲೇ ಟೆಫ್ಲಾನ್ ಸವೆಯಿತು. ಅದರ ಪುಡಿ ಸುತ್ತಲಿನ ಅಂಗಾಂಶವನ್ನು ಕೆರಳಿಸಿ ಮೂಳೆಯನ್ನೇ ಸಡಿಲಿಸಿತು. ಸುಮಾರು 300 ಮಂದಿಗೆ ಅದನ್ನು ಅಳವಡಿಸಿ ಆಗಿತ್ತು.

ಚಾರ್ನ್ಲಿಯವರು ಇದನ್ನು ಮುಚ್ಚಿಡಲಿಲ್ಲ. ಕೆಟ್ಟ ಕೀಲುಗಳನ್ನು ತೆಗೆಯುವ ಕಷ್ಟದ ಶಸ್ತ್ರಚಿಕಿತ್ಸೆಗಳಿಗೆ ತಾವೇ ಕೈಹಾಕಿದರು. 1962ರಲ್ಲಿ ಪ್ಲಾಸ್ಟಿಕ್ ಮಾರಾಟಗಾರನೊಬ್ಬ ತಂದ ಪಾಲಿಎಥಿಲೀನ್ ತುಂಡನ್ನು ಮೊದಲು ಅವರು ಕಡೆಗಣಿಸಿದರಂತೆ. ಅವರ ಕಾರ್ಯಾಗಾರದ ಸಹಾಯಕ ಹ್ಯಾರಿ ಕ್ರೇವನ್ ಸುಮ್ಮನಿರದೆ ಅದನ್ನು ಸವೆತದ ಪರೀಕ್ಷೆಗೆ ಹಚ್ಚಿದ. (ದೊಡ್ಡವರ ಅಲಕ್ಷ್ಯವನ್ನು ಕೆಳಗಿನವರ ಶ್ರದ್ಧೆ ತಿದ್ದುವುದು ನಮ್ಮ ಗುರುಮನೆಗಳಿಗೂ ಹೊಸತೇನಲ್ಲ.) ಚಾರ್ನ್ಲಿಯವರು ಎರಡೂ ವಸ್ತುಗಳ ಮಾದರಿಗಳನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡರು. ತಿಂಗಳುಗಳ ಬಳಿಕ ಟೆಫ್ಲಾನ್ ಇದ್ದ ಜಾಗ ಗಂಟುಕಟ್ಟಿತ್ತು. ಆ ಫಲಿತಾಂಶವನ್ನು 1963ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಸ ಕೀಲನ್ನೂ ಕೂಡಲೇ ಎಲ್ಲರ ಕೈಗೆ ಕೊಡಲಿಲ್ಲ. ತಮ್ಮಲ್ಲಿ ಕಲಿತ ವೈದ್ಯರಿಗಷ್ಟೇ ಸಿಗುವಂತೆ ವರ್ಷಗಳ ಕಾಲ ನೋಡಿಕೊಂಡರು. ಮರಣಾನಂತರ ಕೀಲನ್ನು ಪರೀಕ್ಷೆಗಾಗಿ ಹಿಂದಿರುಗಿಸುವಂತೆ ರೋಗಿಗಳನ್ನು ಕೇಳಿಕೊಂಡರು. ಅನೇಕರು ಸಂತೋಷದಿಂದ ಒಪ್ಪಿದರು.

ಇದಾಗಿ ನಾಲ್ಕು ದಶಕಗಳ ಮೇಲೆ, ಜಾನ್ಸನ್ ಅಂಡ್ ಜಾನ್ಸನ್‌ನ ಅಂಗಸಂಸ್ಥೆಯಾದ ಡೆಪ್ಯೂ 'ಎ.ಎಸ್.ಆರ್.' ಎಂಬ ಕೀಲನ್ನು ಮಾರುಕಟ್ಟೆಗೆ ತಂದಿತು. ಅದರ ಗುಂಡೂ ಲೋಹ, ಬಟ್ಟಲೂ ಲೋಹ. ಅವೆರಡರ ತಿಕ್ಕಾಟದಿಂದ ಕೋಬಾಲ್ಟ್, ಕ್ರೋಮಿಯಂ ಕಣಗಳು ರಕ್ತಕ್ಕೆ ಸೇರಿದವು. ಕೀಲಿನ ಸುತ್ತಲಿನ ಮಾಂಸಖಂಡ ನಶಿಸಿತು. ತೊಡೆಸಂದಿನ ನೋವನ್ನು 'ವಯಸ್ಸಾಯಿತಲ್ಲ' ಎಂದು ತಳ್ಳಿಹಾಕುವುದು ಸುಲಭವಾಗಿತ್ತು. ಕೀಲು ಬದಲಿಸಿದರೂ ನಶಿಸಿದ ಮಾಂಸಖಂಡ ಮರಳುವುದಿಲ್ಲ. ಎಷ್ಟೋ ಜನರಿಗೆ ಕುಂಟು ಉಳಿದೇಹೋಯಿತು. ದೋಷವನ್ನು ಬಯಲಿಗೆ ತಂದದ್ದು ನೋಂದಣಿ ಪುಸ್ತಕಗಳು. ಯಾರಿಗೆ ಯಾವ ಕೀಲು ಹಾಕಲಾಯಿತು, ಅದು ಎಷ್ಟು ವರ್ಷ ಬಾಳಿತು ಎಂಬುದನ್ನು ಸ್ವೀಡನ್ 1979ರಿಂದಲೇ ದಾಖಲಿಸುತ್ತಿತ್ತು. ಅಂಥದೇ ದಾಖಲೆಗಳು ಎಚ್ಚರಿಸಿದ್ದರಿಂದ 2009ರಲ್ಲಿ ಆಸ್ಟ್ರೇಲಿಯಾದಲ್ಲಿಯೂ, ಆಗಸ್ಟ್ 2010ರಲ್ಲಿ ಜಗತ್ತಿನಾದ್ಯಂತವೂ ಎ.ಎಸ್.ಆರ್. ಹಿಂತೆಗೆಯಲ್ಪಟ್ಟಿತು. ಅಷ್ಟರಲ್ಲಿ ಅದು ಸುಮಾರು 93,000 ಮಂದಿಯ ದೇಹ ಸೇರಿತ್ತು.

ಭಾರತದಲ್ಲಿ ಅದನ್ನು ಬಳಸಿದ ಶಸ್ತ್ರಚಿಕಿತ್ಸೆಗಳು ಸುಮಾರು 4,700. ಕೇಂದ್ರ ಸರಕಾರ ತಜ್ಞರ ಸಮಿತಿಯನ್ನು ನೇಮಿಸಿದ್ದು 2017ರಲ್ಲಿ. 2018ರಲ್ಲಿ 30 ಲಕ್ಷದಿಂದ ಸುಮಾರು 1.23 ಕೋಟಿ ರೂಪಾಯಿಗಳವರೆಗೆ ಪರಿಹಾರದ ಸೂತ್ರವೂ ಸಿದ್ಧವಾಯಿತು. ಆದರೆ ಸುಮಾರು 3,600 ರೋಗಿಗಳ ಸುಳಿವೇ ಸಿಕ್ಕಿರಲಿಲ್ಲ. ಪರಿಹಾರದ ಮೊತ್ತಕ್ಕಿಂತ ಈ ಸಂಖ್ಯೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ತಮ್ಮ ದೇಹದೊಳಗೆ ಏನಿದೆಯೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ನಮ್ಮ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಹೆಸರಿನ ಪಕ್ಕಕ್ಕೆ ಅಂಚು ಬಿಟ್ಟಿರುತ್ತೇವೆ. ಮಗು ಬೆಳೆದು ಬೇರೆ ಊರಿನಲ್ಲಿ ಮದುವೆಯಾದರೂ ಅಲ್ಲಿನ ಗುರುಗಳು ಬರೆದು ತಿಳಿಸಬೇಕು. ಇಲ್ಲಿನ ಅಂಚಿನಲ್ಲಿ ಅದು ದಾಖಲಾಗಬೇಕು. ಕೃತಕ ಕೀಲಿಗೂ ಅಂಥ ಅಂಚು ಬೇಕು. ಸಾಧನದ ಹೆಸರು, ಸಂಖ್ಯೆಗಳುಳ್ಳ ಸಣ್ಣ ಚೀಟಿಯೊಂದನ್ನು ಆಸ್ಪತ್ರೆಯ ಕಾಗದಗಳಲ್ಲಿ ಅಂಟಿಸುವುದುಂಟು. ಮನೆಯ ಹಿರಿಯರಿಗೆ ಇಂಥ ಶಸ್ತ್ರಚಿಕಿತ್ಸೆ ಆಗಿದ್ದರೆ ಆ ಕಡತವನ್ನು ಒಮ್ಮೆ ತೆರೆದು ನೋಡಿರಿ. ಚೀಟಿ ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಕೇಳಿ ಬರೆಸಿಕೊಂಡು, ಜ್ಞಾನಸ್ನಾನದ ಪತ್ರವಿರುವ ಪೆಟ್ಟಿಗೆಯಲ್ಲಿಯೇ ಇಡಿರಿ.