ಕೆನಡಾದ ಗ್ರಂಥಭಂಡಾರ: ಒಂದು ಐತಿಹಾಸಿಕ ಅವಲೋಕನ



ನಾವು ಈ ನಾಡಿಗೆ ಬರುವಾಗ ಪೆಟ್ಟಿಗೆಗಳಲ್ಲಿ ತಂದ ಪುಸ್ತಕಗಳನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಕುವೆಂಪು, ಕಾರಂತ, ಮಾಸ್ತಿ, ಬೇಂದ್ರೆಯವರ ಕೃತಿಗಳು ನಮ್ಮ ಕಪಾಟುಗಳನ್ನು ಅಲಂಕರಿಸಿವೆ. ನಮ್ಮ ಮಕ್ಕಳಾದರೋ ಶಾಲೆಯಿಂದ ಬೇರೆಯೇ ಪುಸ್ತಕಗಳನ್ನು ಹೊತ್ತು ತರುತ್ತಾರೆ. ಅವರ ಲೇಖಕರ ಪರಿಚಯ ನಮಗಿಲ್ಲ, ನಮ್ಮ ಲೇಖಕರ ಪರಿಚಯ ಅವರಿಗಿಲ್ಲ. ಒಂದೇ ಸೂರಿನಡಿ ಎರಡು ಗ್ರಂಥಾಲಯಗಳು ಪರಸ್ಪರ ಮಾತಿಲ್ಲದೆ ಬಾಳುತ್ತಿವೆ. ಇದಕ್ಕಾಗಿ ಸಂಕೋಚಪಡಬೇಕಾದುದಿಲ್ಲ. ಕೆನಡಾದವರೇ ತಮಗೆ ತಮ್ಮದೆಂಬ ಸಾಹಿತ್ಯವೊಂದು ಇದೆಯೇ ಎಂದು ಬಹುಕಾಲ ಸಂದೇಹಪಟ್ಟರು. ಆ ಸಂದೇಹವನ್ನು ಅವರು ಹೇಗೆ ನೀಗಿಕೊಂಡರೆಂಬ ಇತಿಹಾಸ ನಮ್ಮಂಥ ವಲಸಿಗರಿಗೆ ಉಪಯುಕ್ತವಾದುದು.

ಕೆನಡಾದ ಮೊದಲ ವೃತ್ತಪತ್ರಿಕೆ ಹ್ಯಾಲಿಫ್ಯಾಕ್ಸ್ ಗೆಜೆಟ್ ಮುದ್ರಣವಾದದ್ದು 1752ರಲ್ಲಿ. ಆದರೆ ನಮ್ಮ ಮನಸ್ಸನ್ನು ಹೆಚ್ಚು ಸೆಳೆಯುವುದು 1840ರ ಒಂದು ಪ್ರಸಂಗ. ವಿನ್ನಿಪೆಗ್ ಸರೋವರದ ಉತ್ತರಕ್ಕಿರುವ ನಾರ್ವೆ ಹೌಸ್ ಎಂಬಲ್ಲಿ ಜೇಮ್ಸ್ ಇವಾನ್ಸ್ ಎಂಬ ಪಾದ್ರಿ, ಚಹಾ ಪೆಟ್ಟಿಗೆಗಳ ಸೀಸದ ತಗಡನ್ನು ಕರಗಿಸಿ ಅಚ್ಚುಮೊಳೆಗಳನ್ನು ಎರಕಹೊಯ್ದು, ಕ್ರೀ ಭಾಷೆಯಲ್ಲಿ ಸ್ತೋತ್ರಗಳನ್ನು ಮುದ್ರಿಸಿದರು. ಆ ಲಿಪಿ ತಮ್ಮ ಹಿರಿಯರಿಗೆ ದೈವದತ್ತವಾಗಿ ದೊರೆತದ್ದೆಂದು ಕ್ರೀ ಜನರ ಮೌಖಿಕ ಪರಂಪರೆ ಹೇಳುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ, ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಬಂದದ್ದು 1843ರಲ್ಲಿ. ಭೂಮಂಡಲದ ಎರಡು ಅಂಚುಗಳಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಎರಡು ದೇಶಭಾಷೆಗಳು ಪಾದ್ರಿಗಳ ಅಚ್ಚುಕೂಟಗಳಿಂದ ಕಾಗದಕ್ಕಿಳಿದವು.

ಇಂಗ್ಲಿಷ್ ಬರವಣಿಗೆಗೆ ಬುನಾದಿ ಹಾಕಿದವರಲ್ಲಿ ಇಬ್ಬರು ಸೋದರಿಯರು ಮುಖ್ಯರು. ಸುಸಾನಾ ಮೂಡಿ ಮತ್ತು ಕ್ಯಾಥರೀನ್ ಪಾರ್ ಟ್ರೇಲ್ 1832ರಲ್ಲಿ ಇಂಗ್ಲೆಂಡನ್ನು ಬಿಟ್ಟು ಇಂದಿನ ಆಂಟೇರಿಯೊದ ಕಾಡಿಗೆ ಬಂದರು. ಮೂಡಿಯವರು 1852ರಲ್ಲಿ ಪ್ರಕಟಿಸಿದ 'ರಫಿಂಗ್ ಇಟ್ ಇನ್ ದಿ ಬುಷ್' ಎಂಬ ಆತ್ಮಕಥನದಲ್ಲಿ ಚಳಿ, ಸಾಲ, ಒಂಟಿತನಗಳ ಕಹಿಯಿದೆ. ಮೋಸದ ಜಾಹೀರಾತನ್ನು ನಂಬಿ ಬರಬೇಡಿರೆಂದು ತವರಿನವರನ್ನು ಎಚ್ಚರಿಸುವುದು ಅದರ ಉದ್ದೇಶಗಳಲ್ಲೊಂದು. ಟ್ರೇಲ್ ಅವರ ಸ್ವಭಾವ ಬೇರೆ. ವಲಸೆ ಬಂದ ಹೆಣ್ಣುಮಕ್ಕಳಿಗಾಗಿ 1854ರಲ್ಲಿ ಅವರು ಬರೆದ ಕೈಪಿಡಿಯಲ್ಲಿ ರೊಟ್ಟಿ ಬೇಯಿಸುವುದು, ಮೇಪಲ್ ರಸದಿಂದ ಸಕ್ಕರೆ ತೆಗೆಯುವುದು, ಮನೆಯಲ್ಲೇ ಸಾಬೂನು, ಮೇಣದಬತ್ತಿ ಮಾಡುವುದು ಎಲ್ಲವೂ ಇವೆ. ಒಬ್ಬಾಕೆ ಕಳೆದುಕೊಂಡದ್ದನ್ನು ಬರೆದಳು, ಇನ್ನೊಬ್ಬಾಕೆ ಕಲಿತುಕೊಂಡದ್ದನ್ನು ಬರೆದಳು. ವಲಸಿಗರ ಪ್ರತಿಯೊಂದು ಮನೆಯಲ್ಲಿಯೂ ಈ ಎರಡು ಧ್ವನಿಗಳು ಇದ್ದೇ ಇರುತ್ತವೆ.

ಮಕ್ಕಳ ಸಾಹಿತ್ಯಕ್ಕೆ ಬಂದರೆ ಎಲ್.ಎಂ. ಮಾಂಟ್ಗೊಮರಿಯವರ 'ಆನ್ ಆಫ್ ಗ್ರೀನ್ ಗೇಬಲ್ಸ್' ಸರ್ವವಿದಿತ. ಪ್ರಿನ್ಸ್ ಎಡ್ವರ್ಡ್ ದ್ವೀಪದ ಕೆಂಪು ಮಣ್ಣಿನ ಹಳ್ಳಿಗೆ ಬಂದ ಅನಾಥ ಬಾಲೆಯ ಈ ಕಥೆ ಜಗತ್ತಿನ ಹಲವು ಭಾಷೆಗಳಿಗೆ ಅನುವಾದವಾಗಿದೆ. ಆದರೆ 1908ರಲ್ಲಿ ಅದು ಪ್ರಕಟವಾದದ್ದು ಅಮೆರಿಕದ ಬಾಸ್ಟನ್ನಿನಲ್ಲಿ. ಕೆನಡಾದ ಸ್ವಂತ ಆವೃತ್ತಿ ಬರಲು 1942ರವರೆಗೆ ಕಾಯಬೇಕಾಯಿತು. ಮೂಡಿಯವರ ಕೃತಿಯೂ ಮೊದಲು ಅಚ್ಚಾದದ್ದು ಲಂಡನ್ನಿನಲ್ಲಿ. ಬರೆಯುವವರು ಇಲ್ಲಿದ್ದರು, ಅಚ್ಚುಹಾಕಿ ಮಾರುವವರು ಬೇರೆಡೆ ಇದ್ದರು. ಪ್ರತಿಭೆಯೊಂದೇ ಸಾಹಿತ್ಯವನ್ನು ಕಟ್ಟಲಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ದೇಶದ ಇನ್ನೊಂದು ತೊಡಕು ಭಾಷೆಯದು. 1945ರಲ್ಲಿ ಎರಡು ಕಾದಂಬರಿಗಳು ಪ್ರಕಟವಾದವು. ಇಂಗ್ಲಿಷಿನಲ್ಲಿ ಹ್ಯೂ ಮೆಕ್ಲೆನನ್ ಬರೆದ 'ಟೂ ಸಾಲಿಟ್ಯೂಡ್ಸ್' ಇಂಗ್ಲಿಷ್ ಮತ್ತು ಫ್ರೆಂಚ್ ಜನ ಒಂದೇ ನಾಡಿನಲ್ಲಿ ಎರಡು ಏಕಾಂತಗಳಾಗಿ ಬದುಕುವುದನ್ನು ಚಿತ್ರಿಸಿತು. ಫ್ರೆಂಚಿನಲ್ಲಿ ಗೇಬ್ರಿಯೆಲ್ ರಾಯ್ ಬರೆದ 'ಬೊನೂರ್ ದೊಕಾಜಿಯೋಂ' ಮಾಂಟ್ರಿಯಲ್ ನಗರದ ಬಡ ಬಡಾವಣೆಯೊಂದರ ಹೋಟೆಲ್ ಪರಿಚಾರಿಕೆಯ ಬಾಳನ್ನು ಹೇಳಿತು. ಮೆಕ್ಲೆನನ್ನರಿಗೆ ಅದೇ ವರ್ಷದ ಗವರ್ನರ್ ಜನರಲ್ ಪ್ರಶಸ್ತಿ ಬಂದಿತು. ರಾಯ್ ಅವರಿಗೆ ಅದು ದೊರೆತದ್ದು 1947ರಲ್ಲಿ, ಅವರ ಕಾದಂಬರಿ ಇಂಗ್ಲಿಷಿಗೆ ಅನುವಾದವಾದ ಮೇಲೆ! ಫ್ರೆಂಚ್ ಕೃತಿಗಳಿಗೆ ಪ್ರತ್ಯೇಕ ವಿಭಾಗ ಏರ್ಪಟ್ಟದ್ದು 1959ರಲ್ಲಿ. ಮಾತೃಭಾಷೆಯಲ್ಲಿ ಬರೆದದ್ದು ಮಾತೃಭಾಷೆಯಲ್ಲಿಯೇ ಮನ್ನಣೆ ಪಡೆಯಬೇಕೆಂಬ ಹಂಬಲ ಕನ್ನಡಿಗರಾದ ನಮಗೆ ಅರ್ಥವಾಗದ ಮಾತೇನಲ್ಲ.

ಎರಡನೆಯ ಮಹಾಯುದ್ಧದ ಅನಂತರ ಕೆನಡಾ ತನ್ನ ಸಾಹಿತ್ಯಕ್ಕೆ ಬೇಕಾದ ಚಪ್ಪರವನ್ನು ತಾನೇ ಹಾಕಿಕೊಂಡಿತು. 1949ರಲ್ಲಿ ನೇಮಕವಾದ ಮ್ಯಾಸಿ ಆಯೋಗ 1951ರಲ್ಲಿ ವರದಿ ನೀಡಿತು. 1953ರಲ್ಲಿ ರಾಷ್ಟ್ರೀಯ ಗ್ರಂಥಾಲಯವೂ 1957ರಲ್ಲಿ ಲೇಖಕರಿಗೂ ಕಲಾವಿದರಿಗೂ ಧನಸಹಾಯ ನೀಡುವ ಕೆನಡಾ ಕೌನ್ಸಿಲ್ ಸಂಸ್ಥೆಯೂ ಹುಟ್ಟಿದವು. 1958ರಲ್ಲಿ ಮೆಕ್ಲೆಲೆಂಡ್ ಅಂಡ್ ಸ್ಟೂವರ್ಟ್ ಪ್ರಕಾಶನ 'ನ್ಯೂ ಕೆನೇಡಿಯನ್ ಲೈಬ್ರರಿ' ಎಂಬ ಸುಲಭ ಬೆಲೆಯ ಮಾಲೆಯನ್ನು ಆರಂಭಿಸಿತು. ಮರೆತುಹೋಗಿದ್ದ ಕೃತಿಗಳು ಮತ್ತೆ ಅಚ್ಚಾಗಿ ತರಗತಿಗಳಿಗೆ ಬಂದವು. ಮಾರ್ಗರೆಟ್ ಲಾರೆನ್ಸ್, ಮಾರ್ಗರೆಟ್ ಆಟ್ವುಡ್, 2013ರಲ್ಲಿ ನೊಬೆಲ್ ಪಡೆದ ಸಣ್ಣಕಥೆಗಾರ್ತಿ ಆಲಿಸ್ ಮನ್ರೊ ಮೊದಲಾದವರು ಬೆಳಕಿಗೆ ಬಂದದ್ದು ಈ ಹದಗೊಂಡ ನೆಲದಲ್ಲಿ.

ಇಷ್ಟಾದರೂ ಗ್ರಂಥಭಂಡಾರದಲ್ಲಿ ಕೆಲವು ಪುಟಗಳು ಕಾಣೆಯಾಗಿದ್ದವು. ಮೇಟಿ ಜನಾಂಗದ ಮರಿಯಾ ಕ್ಯಾಂಬೆಲ್ 1973ರಲ್ಲಿ 'ಹಾಫ್‌ಬ್ರೀಡ್' ಎಂಬ ಆತ್ಮಕಥೆಯನ್ನು ಪ್ರಕಟಿಸಿದರು. ಎಳೆಯ ವಯಸ್ಸಿನಲ್ಲಿ ಪೊಲೀಸನೊಬ್ಬನಿಂದ ತಮ್ಮ ಮೇಲಾದ ಅತ್ಯಾಚಾರವನ್ನು ಅವರು ಬರೆದಿದ್ದ ಭಾಗವನ್ನು, ಅವರ ಒಪ್ಪಿಗೆಯಿಲ್ಲದೆ, ಅಚ್ಚಿಗೆ ಮೊದಲೇ ಕತ್ತರಿಸಲಾಗಿತ್ತು. ಆ ಹಾಳೆಗಳು ಹಳೆಯ ಕಡತಗಳ ನಡುವೆ ಸಂಶೋಧಕರ ಕಣ್ಣಿಗೆ ಬಿದ್ದುದು ಪತ್ತೆಯಾಗಿ ಪ್ರಕಟಗೊಂಡದ್ದು 2018ರಲ್ಲಿ. ಪೂರ್ಣಪಾಠ ಹೊರಬಂದದ್ದು 2019ರಲ್ಲಿ. ಸತ್ಯವೊಂದು ನಲವತ್ತೈದು ವರ್ಷ ಕಡತದಲ್ಲಿ ಮಲಗಿತ್ತು.

ಜಾಯ್ ಕೊಗಾವ ಅವರ 'ಒಬಸಾನ್' ಕಾದಂಬರಿಯ ಕಥೆಯನ್ನೂ ಇಲ್ಲಿ ಸ್ಮರಿಸಬೇಕು. 1942ರಲ್ಲಿ ಸುಮಾರು 22,000 ಜಪಾನೀ ಮೂಲದ ಕೆನಡಿಯನ್ನರನ್ನು ಪಶ್ಚಿಮ ಕರಾವಳಿಯಿಂದ ಎತ್ತಂಗಡಿ ಮಾಡಲಾಯಿತು. ಅವರ ಮನೆ, ದೋಣಿ, ಅಂಗಡಿಗಳನ್ನು ಸರ್ಕಾರವೇ ಮಾರಿತು. ಬಾಲ್ಯದಲ್ಲಿ ಇದನ್ನು ಸ್ವತಃ ಅನುಭವಿಸಿದ ಕೊಗಾವ 1981ರಲ್ಲಿ ಅದನ್ನು ಕಾದಂಬರಿಯಾಗಿಸಿದರು. 1988ರಲ್ಲಿ ಸರ್ಕಾರ ಕ್ಷಮೆ ಯಾಚಿಸಿ, ಬದುಕುಳಿದ ಪ್ರತಿಯೊಬ್ಬರಿಗೂ 21,000 ಡಾಲರ್ ಪರಿಹಾರ ಘೋಷಿಸಿದಾಗ ಆ ಕಾದಂಬರಿಯ ಸಾಲುಗಳನ್ನು ಸಂಸತ್ತಿನಲ್ಲಿ ಓದಲಾಯಿತು. ನಾಟಕರಂಗವೂ ಹಿಂದುಳಿಯಲಿಲ್ಲ. 1914ರಲ್ಲಿ ಭಾರತದ 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರಿಗೆ ಬಂದ ಕೊಮಾಗಾಟಾ ಮಾರು ಹಡಗನ್ನು ಎರಡು ತಿಂಗಳು ತಡೆದು, ಬಹುಪಾಲು ಜನರನ್ನು ನೆಲಕ್ಕೆ ಕಾಲಿಡಗೊಡದೆ ಹಿಂದಟ್ಟಿದ ಘಟನೆಯನ್ನು ಶರನ್ ಪೊಲಾಕ್ 1976ರಲ್ಲಿ ರಂಗಕ್ಕೆ ತಂದರು. ಸಂಸತ್ತಿನಲ್ಲಿ ಪ್ರಧಾನಿಯ ಕ್ಷಮಾಯಾಚನೆ ಬಂದದ್ದು 2016ರಲ್ಲಿ. ಲೇಖಕಿ ಸರ್ಕಾರಕ್ಕಿಂತ ನಲವತ್ತು ವರ್ಷ ಮುಂದಿದ್ದರು.

ಇನ್ನು ನಮ್ಮವರ ಸರದಿ. ಮುಂಬಯಿಯಿಂದ 1975ರಲ್ಲಿ ಬಂದು ಟೊರಾಂಟೊದ ಬ್ಯಾಂಕೊಂದರಲ್ಲಿ ಕೆಲಸಮಾಡುತ್ತಿದ್ದ ರೋಹಿಂಟನ್ ಮಿಸ್ತ್ರಿ 'ಸಚ್ ಎ ಲಾಂಗ್ ಜರ್ನಿ' ಕಾದಂಬರಿಗಾಗಿ 1991ರ ಗವರ್ನರ್ ಜನರಲ್ ಪ್ರಶಸ್ತಿ ಪಡೆದರು. 1994ರಲ್ಲಿ ಸ್ಥಾಪನೆಯಾದ ಗಿಲ್ಲರ್ ಪ್ರಶಸ್ತಿಯ ಮೊದಲ ಪುರಸ್ಕೃತರು ಪೂರ್ವ ಆಫ್ರಿಕದ ಭಾರತೀಯ ಮನೆತನದ ಎಂ.ಜಿ. ವಾಸನ್ಜಿ. ನಮಗೆ ಮತ್ತಷ್ಟು ಹತ್ತಿರದವರು ಅನಿತಾ ರಾವ್ ಬಾದಾಮಿ. ಕನ್ನಡ ಮನೆಮಾತಿನ ಕುಟುಂಬದಲ್ಲಿ, ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿದ ಅವರು 1991ರಲ್ಲಿ ಕೆನಡಾಕ್ಕೆ ಬಂದು, 1996ರಲ್ಲಿ 'ಟ್ಯಾಮರಿಂಡ್ ಮೆಮ್' ಕಾದಂಬರಿಯನ್ನು ಪ್ರಕಟಿಸಿದರು. ಕ್ಯಾಲ್ಗರಿಯ ಹಿಮದಲ್ಲಿ ಕುಳಿತ ಮಗಳು ರೈಲ್ವೆ ಅಧಿಕಾರಿಯ ಪತ್ನಿಯಾಗಿದ್ದ ತನ್ನ ತಾಯಿಯನ್ನು ನೆನೆಯುವ ಆ ಕಥೆಯಲ್ಲಿ ನಮ್ಮ ಎಷ್ಟೋ ಮನೆಗಳ ಪ್ರತಿಬಿಂಬವಿದೆ. ಇವೆಲ್ಲವೂ ಈಗ ಕೆನಡಾದ ಪುಸ್ತಕಗಳೇ. ಮೂಡಿಯವರ ಪಕ್ಕದಲ್ಲಿಯೇ ಅವುಗಳ ಸ್ಥಾನ.

ಹಾಗಾದರೆ ನಮ್ಮ ಕರ್ತವ್ಯವೇನು? ಮೊದಲನೆಯದಾಗಿ, ಮಕ್ಕಳು ತರುವ ಪುಸ್ತಕವನ್ನು ನಾವೂ ಓದೋಣ. ಆನ್‌ಳ ಕಥೆಯನ್ನು ಮಗಳಿಂದ ಕೇಳಿ, ಪ್ರತಿಯಾಗಿ ಮಾಸ್ತಿಯವರ ಕಥೆಯೊಂದನ್ನು ಅವಳಿಗೆ ಹೇಳೋಣ. ಎರಡನೆಯದಾಗಿ, ನಮ್ಮ ಅನುಭವವನ್ನು ನಾವೇ ಬರೆದಿಡೋಣ. ಬರೆಯದೆ ಬಿಟ್ಟ ಪುಟವನ್ನು ಮುಂದೆ ಯಾವ ಸಂಶೋಧಕನೂ ಕಡತದಲ್ಲಿ ಹುಡುಕಿ ತೆಗೆಯಲಾರ. ಕೆನಡಾದಲ್ಲಿ ಪ್ರಕಟವಾದ ಪುಸ್ತಕವನ್ನು ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾ ಸಂಸ್ಥೆಗೆ ಒಪ್ಪಿಸಬೇಕೆಂಬ ಕಾನೂನು ಇದೆ. ಆ ಕಾನೂನು ಪುಸ್ತಕದ ಭಾಷೆ ಯಾವುದೆಂದು ಕೇಳುವುದಿಲ್ಲ. ಇಲ್ಲಿ ಅಚ್ಚಾದ ಕನ್ನಡ ಪುಸ್ತಕಕ್ಕೂ ಅಲ್ಲಿ ಜಾಗವಿದೆ. ಅದನ್ನು ತುಂಬಬೇಕಾದವರು ನಾವು.