ಬೆಳವಗಳ ಬೇಟೆಗೆ ವಿಷರಹಿತ ಚರೆ

ವಿಷರಹಿತ ಚರೆಗಳು ಶಾಟ್‌ಗನ್ ತೋಟಾಗಳಲ್ಲಿ ಸೀಸಕ್ಕೆ ಬದಲಾಗಿ ತುಂಬುವ ಉಕ್ಕು, ಬಿಸ್ಮತ್ ಅಥವಾ ಟಂಗ್‌ಸ್ಟನ್ ಮಿಶ್ರಲೋಹದ ಸಣ್ಣ ಗುಂಡುಗಳು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಜಲಪಕ್ಷಿಗಳ ಬೇಟೆಗೆ ಸೀಸದ ಚರೆಯನ್ನು 1991ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಬೆಳವಗಳ ಬೇಟೆಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈ 1ರಿಂದ ಎಲ್ಲ ಬಗೆಯ ಬೇಟೆಗೂ ಸೀಸದ ಮದ್ದುಗುಂಡನ್ನು ನಿಷೇಧಿಸಿದೆ.

ಅಲ್ಲಿ ಹೆಚ್ಚಾಗಿ ಬೇಟೆಯಾಗುವ ಮೌರ್ನಿಂಗ್ ಡವ್ ಎಂಬ ಬೆಳವವು ನೆಲದ ಮೇಲೆ ಬಿದ್ದ ಕಾಳುಗಳನ್ನು ಹೆಕ್ಕಿ ತಿನ್ನುತ್ತದೆ. ಹೊಲದಲ್ಲಿ ಉದುರಿದ ಚರೆಯನ್ನೂ ಕಾಳೆಂದು ನುಂಗುತ್ತದೆ. ಮಾಂಸಲ ಜಠರದಲ್ಲಿ ಸೀಸವು ಸವೆದು, ಆಮ್ಲದಲ್ಲಿ ಕರಗಿ ರಕ್ತವನ್ನು ಸೇರುತ್ತದೆ. ಗುಂಡಿಗೆ ಸಿಗದೆ ಪಾರಾದ ಹಕ್ಕಿಯೂ ಹೀಗೆ ಸಾಯಬಹುದು.

ಉಕ್ಕು ಇವುಗಳಲ್ಲಿ ಅಗ್ಗ. ಆದರೆ ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ ಇದ್ದರೆ ಉಕ್ಕಿನದು ಸುಮಾರು 7.8 ಗ್ರಾಂ. ಅದೇ ಗಾತ್ರದ ಉಕ್ಕಿನ ಚರೆ ಹಗುರವಾಗಿದ್ದು ಬೇಗನೆ ವೇಗ ಕಳೆದುಕೊಳ್ಳುವುದರಿಂದ, ಸೀಸದಲ್ಲಿ 7½ ಅಥವಾ 8ನೇ ಸಂಖ್ಯೆಯನ್ನು ಬಳಸುವವರು ಉಕ್ಕಿನಲ್ಲಿ 6 ಅಥವಾ 7ನ್ನು ಆರಿಸುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಚರೆ ದಪ್ಪ. ಗಡಸಾದ ಉಕ್ಕು ಹಳೆಯ ಕೋವಿಗಳ ನಳಿಗೆಗೆ, ಅದರಲ್ಲೂ ಬಿಗಿಯಾದ ಚೋಕ್ ಉಳ್ಳವಕ್ಕೆ, ಹಾನಿ ಮಾಡಬಹುದು. ಅಂಥವಕ್ಕೆ ಮೃದುವಾದ ಬಿಸ್ಮತ್ ಹೊಂದುತ್ತದೆ, ಬೆಲೆ ಮಾತ್ರ ಹೆಚ್ಚು. ಟಂಗ್‌ಸ್ಟನ್ ಇನ್ನೂ ದುಬಾರಿ. ಇಷ್ಟು ಸಣ್ಣ ಹಕ್ಕಿಗೆ ಅದರ ಅಗತ್ಯ ಬೀಳುವುದು ವಿರಳ.