ಅಪರಾಧದ ಸ್ಥಳ ಮತ್ತು ದಂಡನ್ಯಾಯದ ವ್ಯಾಪ್ತಿ: ಸೈಬರ್ ಅಪರಾಧಗಳನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ಅಪರಾಧವು ನಡೆದ ಸ್ಥಳವಾವುದು ಎಂಬ ಪ್ರಶ್ನೆಯು ದಂಡನ್ಯಾಯದ ಚರಿತ್ರೆಯಲ್ಲಿ ಬಹು ಹಳೆಯದು. ನೇತ್ರಾವತಿಯ ದಡದಲ್ಲಿರುವ ನರಿಕೊಂಬು ಗ್ರಾಮದ ಅಂಗಳವೊಂದರಿಂದ ಅಡಕೆ ಕಳವಾದರೆ ಬಂಟ್ವಾಳದ ಪೋಲೀಸರು ವಿಚಾರಿಸತಕ್ಕದ್ದೆಂಬುದು ನಿರ್ವಿವಾದ. ಅದೇ ಗ್ರಾಮಸ್ಥನ ಬ್ಯಾಂಕಿನ ಹಣವನ್ನು ದೂರದೇಶದಲ್ಲಿ ಕುಳಿತವನೊಬ್ಬನು ದೂರವಾಣಿಯ ಮೂಲಕ ಅಪಹರಿಸಿದಲ್ಲಿ ಕಾನೂನಿನ ಕೈ ಎಲ್ಲಿಯವರೆಗೆ ನೀಡಬಲ್ಲುದು? ಇದೇ ಪ್ರಸ್ತುತ ಲೇಖನದ ವಿಷಯ.

ಸಂಚಾರಿ ಅಪರಾಧಿಗಳ ಸಮಸ್ಯೆಯನ್ನು ಕಂಪೆನಿ ಸರಕಾರವು 1836ರ ಠಕ್ಕರ ಕಾಯಿದೆಯಿಂದ ಎದುರಿಸಿತು. ಕೃತ್ಯವು ಎಲ್ಲಿಯೇ ನಡೆದಿರಲಿ, ಆರೋಪಿಯನ್ನು ಬೇರೆ ಜಿಲ್ಲೆಯ ನ್ಯಾಯಾಲಯವೂ ವಿಚಾರಿಸಬಹುದಾಯಿತು. ಆದರೆ ಠಕ್ಕರ ತಂಡಕ್ಕೆ ಸೇರಿದ್ದುದನ್ನೇ ಅಪರಾಧವೆಂದು ಎಣಿಸಿ, ಅದಕ್ಕೆ ಆಜೀವ ಕಾರಾಗೃಹವಾಸವನ್ನು ವಿಧಿಸಿದುದರಿಂದ ಪ್ರಮಾಣದ ಕಟ್ಟು ಸಡಿಲವಾಯಿತು. ವ್ಯಾಪ್ತಿಯನ್ನು ಹಿಗ್ಗಿಸುವಾಗ ನ್ಯಾಯವನ್ನು ಕುಗ್ಗಿಸಲಾಗದೆಂಬ ಪಾಠವು ಇಲ್ಲಿದೆ.

1973ರ ದಂಡ ಪ್ರಕ್ರಿಯಾ ಸಂಹಿತೆಯ 182ನೆಯ ಪ್ರಕರಣವು ಇನ್ನೊಂದು ಹೆಜ್ಜೆಯನ್ನಿಟ್ಟಿತು. ಪತ್ರ ಅಥವಾ ದೂರಸಂಪರ್ಕದ ಸಂದೇಶದಿಂದ ನಡೆದ ವಂಚನೆಯನ್ನು ಸಂದೇಶವು ಹೊರಟ ಸ್ಥಳದಲ್ಲಾಗಲಿ, ತಲುಪಿದ ಸ್ಥಳದಲ್ಲಾಗಲಿ ವಿಚಾರಿಸಬಹುದೆಂದಿತು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಭಾರತದಲ್ಲಿರುವ ಕಂಪ್ಯೂಟರಿಗೆ ಸಂಬಂಧಿಸಿದಂತೆ ಹೊರದೇಶದಲ್ಲಿ ಎಸಗಿದ ಕೃತ್ಯಕ್ಕೂ ಅನ್ವಯಿಸುತ್ತದೆ.

ಕಾಯಿದೆಯ ವ್ಯಾಪ್ತಿಯು ವಿಸ್ತಾರವಾದರೂ ಅದನ್ನು ನಡೆಸುವ ಕೈಗಳು ಕೆಲವೇ ಆಗಿದ್ದುವು. ತನಿಖೆಯ ಅಧಿಕಾರವು ಮೊದಲು ಡೆಪ್ಯುಟಿ ಸೂಪರಿಂಟೆಂಡೆಂಟರ ದರ್ಜೆಗಿಂತ ಕೆಳಗಿನವರಿಗೆ ಇರಲಿಲ್ಲ. 2008ರ ತಿದ್ದುಪಡಿಯು ಅದನ್ನು ಇನ್‌ಸ್ಪೆಕ್ಟರರಿಗೆ ಇಳಿಸಿತು. 2001ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸೈಬರ್ ಠಾಣೆಗೆ ಇಡೀ ರಾಜ್ಯವೇ ವ್ಯಾಪ್ತಿಯಾಗಿತ್ತು. ಜಿಲ್ಲೆಗಳಲ್ಲಿ ಸೆನ್ ಠಾಣೆಗಳು ಏರ್ಪಟ್ಟುದು ಅನಂತರ.

ಸಾಕ್ಷ್ಯದ ಪ್ರಶ್ನೆಯೂ ಗಹನವಾದುದು. ವಿದ್ಯುನ್ಮಾನ ದಾಖಲೆಯ ಪ್ರತಿಗೆ ವಿಧಿಬದ್ಧ ಪ್ರಮಾಣಪತ್ರವು ಅವಶ್ಯವೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತು, 2020ರಲ್ಲಿ ಅದನ್ನು ಸ್ಥಿರಪಡಿಸಿತು. 2015ರಲ್ಲಿ ಅದೇ ನ್ಯಾಯಾಲಯವು ಅಸ್ಪಷ್ಟವಾಗಿದ್ದ 66ಎ ಪ್ರಕರಣವನ್ನು ಅಸಿಂಧುಗೊಳಿಸಿತು. ಇವು ತನಿಖೆಗೆ ತೊಡಕೆಂದು ಕೆಲವರ ಮತ. ಠಕ್ಕರ ಕಾಯಿದೆಯ ಚರಿತ್ರೆಯನ್ನು ಬಲ್ಲವರಿಗೆ ಇವು ತೊಡಕಲ್ಲ, ರಕ್ಷೆಯೆಂದೇ ತೋರುವುದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಕೃತ್ಯ ನಡೆದ ಸ್ಥಳವಾವುದೆಂದು ನೋಡದೆಯೇ ಠಾಣೆಯು ದೂರನ್ನು ದಾಖಲಿಸಿಕೊಳ್ಳತಕ್ಕದ್ದು. ಹೀಗೆ ಸ್ಥಳದ ಸಮಸ್ಯೆಯು ದೇಶದೊಳಗಂತೂ ಬಹುಮಟ್ಟಿಗೆ ಪರಿಹಾರವಾಗಿದೆ. ಉಳಿದಿರುವುದು ಕಾಲದ ಸಮಸ್ಯೆ. ಅಪಹೃತ ಧನವು ಕೆಲವೇ ಗಳಿಗೆಗಳಲ್ಲಿ ಹಲವು ಖಾತೆಗಳನ್ನು ದಾಟುತ್ತದೆ. ಪರದೇಶದಿಂದ ದಾಖಲೆ ತರಿಸುವ ಕ್ರಮವಾದರೋ ತಿಂಗಳುಗಳನ್ನು ಬೇಡುತ್ತದೆ. 2001ರ ಬುಡಾಪೆಸ್ಟ್ ಒಡಂಬಡಿಕೆಗೆ ಭಾರತವು ಸೇರಿಲ್ಲ. ಹಣವನ್ನು ನಡುದಾರಿಯಲ್ಲಿ ತಡೆಯಲೆಂದೇ '1930' ಎಂಬ ದೂರವಾಣಿ ಸಂಖ್ಯೆಯು ಏರ್ಪಟ್ಟಿದೆ. ಕಳ್ಳನನ್ನು ಹಿಡಿಯುವುದಕ್ಕೆ ಮೊದಲು ಸೊತ್ತನ್ನು ತಡೆಯುವ ಈ ಕ್ರಮವು ದಂಡನ್ಯಾಯದ ಮುಂದಿನ ದಾರಿಯನ್ನು ಸೂಚಿಸುವಂತಿದೆ. ಆ ದಾರಿಯ ಅರಿವು ನರಿಕೊಂಬಿನಂತಹ ಗ್ರಾಮಗಳ ಮನೆಮನೆಗೂ ಮುಟ್ಟಿದಲ್ಲದೆ ಕಾಯಿದೆಯ ವಿಸ್ತಾರವು ಫಲಕೊಡಲಾರದು.